ವಾಲ್ವ್ ಎಲ್ಲಿದೆ, ಯಾರಿಗೆ ಗೊತ್ತು?

(ಕೋಲಾರದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಅಂದರೆ ಪಿಡಿಒಗಳು, ಮತ್ತು ಸಿಬ್ಬಂದಿಯ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯವನ್ನು ‘ಸ್ಥಳೀಯ ಸರ್ಕಾರಗಳಲ್ಲಿ ಜ್ಞಾನ ನಿರ್ವಹಣೆ’ ಎಂದು ಹಾಕಿದ್ದಾರೆ. ಹೆಸರು ಕೇಳಿದರೇ ನಿದ್ದೆ ಬರುವಂತಿದೆ. ಸಾಲದ್ದಕ್ಕೆ ನನ್ನನ್ನು ಊಟ ಆದ ಮೇಲೆ ನಿಲ್ಲಿಸಿದ್ದಾರೆ. ಹಾಗಾಗಿ ಪೀಠಿಕೆ ಬಿಟ್ಟು ಒಂದು ಪ್ರಶ್ನೆ ಕೇಳಿಬಿಡುತ್ತೇನೆ. ನಿಮ್ಮ ಪಂಚಾಯಿತಿಯ ಕುಡಿಯುವ ನೀರಿನ ಲೈನಿನಲ್ಲಿ ಗೇಟ್ ವಾಲ್ವ್‌ಗಳು ಎಲ್ಲೆಲ್ಲಿವೆ? ಆಫೀಸಿನಲ್ಲಿ ಅದರ ನಕ್ಷೆ ಇದೆಯೇ? ಇರುವವರು ಕೈ ಎತ್ತಿ.

ಎದ್ದ ಕೈಗಳು ಕಡಿಮೆ. ಮುಂದಿನ ಸಾಲಿನಲ್ಲಿ ಕೂತಿರುವ ಸದಸ್ಯರೊಬ್ಬರು ಈಗಷ್ಟೇ ಹೇಳಿದರು: ‘ಅದೆಲ್ಲ ನಮ್ಮ ವಾಟರ್‌ಮ್ಯಾನ್‌ಗೆ ಗೊತ್ತು ಸಾರ್.’ ಪ್ರಾಮಾಣಿಕ ಉತ್ತರ ಅದೇ. ನನ್ನ ಮಾತು ಇಲ್ಲಿಂದಲೇ ಶುರು.

ವಾಟರ್‌ಮ್ಯಾನ್‌ಗೆ ಏನೇನು ಗೊತ್ತಿರುತ್ತದೆ ಎಂದು ಒಮ್ಮೆ ಕೂತು ಲೆಕ್ಕ ಹಾಕಿ ನೋಡಿ. ಓವರ್‌ಹೆಡ್ ಟ್ಯಾಂಕಿನಿಂದ ಇಳಿದ ಲೈನು ದೇವಸ್ಥಾನದ ಹಿಂದೆ ಎಲ್ಲಿ ತಿರುಗುತ್ತದೆ. ಸಿಸಿ ರಸ್ತೆ ಹಾಕಿದಾಗ ಯಾವ ವಾಲ್ವ್ ಕಾಂಕ್ರೀಟಿನ ಕೆಳಗೆ ಹೂತುಹೋಯಿತು. ಮೇಲಿನ ಕಾಲೊನಿಗೆ ನೀರು ಏರಬೇಕಾದರೆ ಕೆಳಗಿನ ಬೀದಿಯ ವಾಲ್ವನ್ನು ಎಷ್ಟು ಸುತ್ತು ಬಿಗಿ ಮಾಡಬೇಕು, ಪೂರ್ತಿ ಬಿಗಿ ಮಾಡಿದರೆ ಯಾವ ಜಾಯಿಂಟ್ ಕಿತ್ತುಕೊಳ್ಳುತ್ತದೆ. ಯಾವ ಮೋಟಾರನ್ನು ಒಂದೇ ಸಮನೆ ಓಡಿಸಿದರೆ ಗಾಳಿ ಎಳೆಯುತ್ತದೆ, ಎಷ್ಟು ಹೊತ್ತು ಬಿಟ್ಟು ಮತ್ತೆ ಹಾಕಬೇಕು. ಯಾವ ಬೀದಿಯವರು ನಲ್ಲಿಗೇ ಮೋಟಾರು ಹಾಕಿಕೊಂಡಿದ್ದಾರೆ. ಆಫೀಸಿನ ಬೀರುವಿನಲ್ಲಿ ಹುಡುಕಿದರೆ ಅವರ ಹಾಜರಿ, ಅವರ ಸಂಬಳದ ಲೆಕ್ಕ ಸಿಗುತ್ತದೆ. ಅವರಿಗೆ ಗೊತ್ತಿರುವುದು ಒಂದು ಸಾಲೂ ಸಿಗುವುದಿಲ್ಲ. ಜಲ ಜೀವನ್ ಮಿಷನ್ 2019ರಲ್ಲಿ ಬಂತು, ತಲೆಗೆ ದಿನಕ್ಕೆ 55 ಲೀಟರ್ ಎಂಬ ಗುರಿ ಇಟ್ಟುಕೊಂಡು ಊರೂರಿಗೆ ಹೊಸ ಪೈಪು ಹೂಳಿದರು. ಹೊಸದನ್ನು ಹೂಳಲು ಅಗೆದಾಗ ಹಳೆಯ ಲೈನು ಒಡೆದ ಊರುಗಳವರು ಇಲ್ಲಿ ಬಹಳ ಜನ ಇದ್ದೀರಿ, ಮುಖ ನೋಡಿದರೇ ಗೊತ್ತಾಗುತ್ತಿದೆ. ಜೆಸಿಬಿಯವನ ತಪ್ಪಲ್ಲ ಅದು. ಅವನಿಗೆ ತೋರಿಸಲು ನಮ್ಮ ಹತ್ತಿರ ಕಾಗದವೇ ಇರಲಿಲ್ಲ.

ಜ್ಞಾನ ನಿರ್ವಹಣೆ ಎಂಬ ಮಾತು ದೊಡ್ಡ ಕಂಪನಿಗಳಿಂದ ಬಂದದ್ದು, 1990ರ ದಶಕದಲ್ಲಿ. 1996ರಲ್ಲಿ ವಿಶ್ವಬ್ಯಾಂಕಿನ ಅಧ್ಯಕ್ಷ ಜೇಮ್ಸ್ ವುಲ್ಫೆನ್ಸನ್ ತಮ್ಮ ಸಂಸ್ಥೆ ಸಾಲ ಕೊಡುವ ಬ್ಯಾಂಕಷ್ಟೇ ಆಗದೆ ಜ್ಞಾನದ ಬ್ಯಾಂಕೂ ಆಗಬೇಕು ಎಂದರು. ಈ ದೊಡ್ಡ ಸಂಸ್ಥೆಗಳಿಗಿದ್ದ ತಲೆನೋವು ನಮ್ಮದೇ: ಕೆಲಸ ಬಲ್ಲವರು ಎದ್ದು ಹೋದರೆ ಕೆಲಸವೂ ಅವರ ಜೊತೆ ಎದ್ದು ಹೋಗುತ್ತದೆ. ಅವರು ಅದಕ್ಕೆ ಕೋಟಿಗಟ್ಟಲೆ ಸುರಿದು ತಂತ್ರಾಂಶ ಮಾಡಿಸಿದರು. ನಾನು ಇವತ್ತು ತಂತ್ರಾಂಶದ ಬಗ್ಗೆ ಹೆಚ್ಚು ಮಾತಾಡುವುದಿಲ್ಲ, ಅದು ನಿಮ್ಮಲ್ಲಿ ಸಾಕಷ್ಟಿದೆ.

ವಾಟರ್‌ಮ್ಯಾನ್ ತನಗೆ ಗೊತ್ತಿರುವುದನ್ನು ಯಾಕೆ ಬರೆಸುವುದಿಲ್ಲ? ‘ಕೇಳಿದೆವು ಸಾರ್, ಹೇಳೋದಿಲ್ಲ’ ಎಂದು ಪಿಡಿಒಗಳು ದೂರುತ್ತಾರೆ. ಯಾಕೆ ಹೇಳಬೇಕು? ಆತನ ಸಂಬಳ ಕಡಿಮೆ, ಅದೂ ಎಷ್ಟೋ ಕಡೆ ತಿಂಗಳುಗಟ್ಟಲೆ ಬಾಕಿ. ಅಧ್ಯಕ್ಷರು ಬದಲಾದಾಗಲೆಲ್ಲ ‘ಇವನನ್ನು ತೆಗೆದು ನಮ್ಮ ಹುಡುಗನನ್ನು ಹಾಕಿ’ ಎಂಬ ಮಾತು ಏಳುತ್ತದೆ. ಅವರ ಕೆಲಸ ಉಳಿದಿರುವುದೇ ಆ ವಾಲ್ವ್‌ಗಳು ಅವರೊಬ್ಬರಿಗೆ ಗೊತ್ತಿರುವುದರಿಂದ. ಅದನ್ನು ನಕ್ಷೆಗೆ ಇಳಿಸಿಕೊಟ್ಟ ಮರುದಿನ ತಮ್ಮನ್ನು ಮನೆಗೆ ಕಳಿಸಬಹುದು ಎಂಬ ಅಂಜಿಕೆ ಅವರಿಗಿದ್ದರೆ ಅದು ಸಣ್ಣತನವಲ್ಲ, ಲೋಕ ಕಂಡ ಬುದ್ಧಿ.

ಶಾನುಭೋಗರ ಕಾಲದಲ್ಲಿ ಊರಿನ ಲೆಕ್ಕ ಎಷ್ಟು ಚೆನ್ನಾಗಿತ್ತು ಎಂದು ಹಿರಿಯರು ಹೇಳುವುದುಂಟು. ಚೆನ್ನಾಗಿತ್ತು, ನಿಜ. ಆದರೆ ಇದ್ದದ್ದು ಅವರ ಮನೆಯ ಅಟ್ಟದ ಮೇಲೆ. ಜಮೀನು ಯಾರ ಹೆಸರಿನಲ್ಲಿದೆ ಎಂದು ತಿಳಿಯಲು ಜಮೀನಿನ ಒಡೆಯನೇ ಅವರ ಜಗಲಿಯ ಕೆಳಗೆ ಕೈಕಟ್ಟಿ ನಿಲ್ಲಬೇಕಿತ್ತು. ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ 1961ರದ್ದು, ಜಾರಿಯಾದದ್ದು 1963ರ ಫೆಬ್ರುವರಿಯಲ್ಲಿ. ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬರಲು ‘ಭೂಮಿ’ ಯೋಜನೆಯವರೆಗೆ, ಅಂದರೆ ಇನ್ನೂ ಸುಮಾರು ನಾಲ್ಕು ದಶಕ ಬೇಕಾಯಿತು. ಶಾನುಭೋಗರು ಮಾಹಿತಿ ಬಚ್ಚಿಟ್ಟದ್ದು ಅಧಿಕಾರ ಉಳಿಸಿಕೊಳ್ಳಲು. ವಾಟರ್‌ಮ್ಯಾನ್ ಬಚ್ಚಿಡುವುದು ಅನ್ನ ಉಳಿಸಿಕೊಳ್ಳಲು. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಮೊದಲು ಬಾಕಿ ಸಂಬಳ ಕೊಡಿ. ಇದು ಜ್ಞಾನ ನಿರ್ವಹಣೆಯ ಭಾಗವೇ, ನಗಬೇಡಿ. ಆಮೇಲೆ ಒಂದು ಬೆಳಿಗ್ಗೆ, ನೀರು ಬಿಡುವ ಹೊತ್ತಿಗೆ, ಅವರ ಹಿಂದೆ ನಡೆಯಿರಿ. ಡಾಟಾ ಎಂಟ್ರಿ ಆಪರೇಟರನ್ನೂ ಕರೆದುಕೊಳ್ಳಿ. ಪ್ರತಿ ವಾಲ್ವ್ ಹತ್ತಿರ ನಿಂತು ಫೋನಿನಲ್ಲಿ ಲೊಕೇಶನ್ ಹಿಡಿದು ಫೋಟೊ ತೆಗೆಯಿರಿ. ಹತ್ತಿರದ ಗೋಡೆಯ ಮೇಲೆ ಹಳದಿ ಬಣ್ಣದಲ್ಲಿ ವಾಲ್ವಿನ ಸಂಖ್ಯೆ, ಗೋಡೆಯಿಂದ ಎಷ್ಟು ಅಡಿ ದೂರ, ಯಾವ ಬೀದಿಗೆ ಹೋಗುತ್ತದೆ ಎಂದು ಬರೆಸಿ. ಮಣ್ಣು ಮುಚ್ಚಿದರೂ ಗೋಡೆ ಹೇಳುತ್ತದೆ. ಕೊನೆಗೆ ಒಂದು ದೊಡ್ಡ ಹಾಳೆಯಲ್ಲಿ ಎಲ್ಲವನ್ನೂ ಕೂಡಿಸಿ ನಕ್ಷೆ ಮಾಡಿ, ಕೆಳಗೆ ‘ತಯಾರಿಸಿದವರು’ ಎಂದು ಅವರ ಹೆಸರನ್ನೇ ಹಾಕಿ, ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿ ಒಪ್ಪಿಕೊಳ್ಳಿ. ಇಂಜಿನಿಯರ್ ಹೆಸರು ಪಕ್ಕದಲ್ಲಿ ಇರಬಹುದು, ಮೊದಲು ಬೇಡ. ನಿವೃತ್ತಿಯ ದಿನ ನಾವು ಶಾಲು, ಹಾರ, ಮೈಸೂರು ಪೇಟ ತೊಡಿಸಿ ಕೈತುಂಬ ಚಪ್ಪಾಳೆ ತಟ್ಟುತ್ತೇವಲ್ಲ, ಅದಕ್ಕೆ ಮೊದಲು ಅವರ ಜೊತೆ ಹೀಗೆ ಒಂದು ಸುತ್ತು ಹಾಕಿದ್ದರೆ ಪೇಟಕ್ಕೆ ಕಳೆ ಬರುತ್ತಿತ್ತು.

ಪಿಡಿಒಗಳೇ, ನಿಮ್ಮದೂ ಇದೇ ಕಥೆ. ವರ್ಗವಾಗಿ ಹೋಗುವಾಗ ಚಾರ್ಜ್ ಲಿಸ್ಟ್ ಬರೆಯುತ್ತೀರಿ. ನಗದು ಪುಸ್ತಕ, ಚೆಕ್ ಪುಸ್ತಕ, ನಡಾವಳಿ ಪುಸ್ತಕ, ಬೀರು, ಪ್ಲಾಸ್ಟಿಕ್ ಕುರ್ಚಿ, ಕೆಟ್ಟ ಯುಪಿಎಸ್ ಎಲ್ಲವೂ ಅದರಲ್ಲಿರುತ್ತದೆ. ಇರದೇ ಇರುವುದು ಬೇರೆಯೇ. ಸ್ಮಶಾನದ ಜಾಗದ ಮೇಲೆ ತಕರಾರು ಯಾರದು, ಅದು ಎಲ್ಲಿಗೆ ಬಂದು ನಿಂತಿದೆ. ಯಾವ ನಿವೇಶನದ ಖಾತೆಗೆ ಅಣ್ಣತಮ್ಮಂದಿರ ಜಗಳವಿದೆ, ಆಸ್ತಿ ದಾಖಲೆಯ ನಮೂನೆ 9 ಮತ್ತು 11 ಕೊಡುವ ಮುನ್ನ ಯಾವ ಕಡತ ತೆರೆಯಬೇಕು. ಅಂಗನವಾಡಿ ಕಟ್ಟಡದ ಬಿಲ್ಲು ಯಾಕೆ ತಡೆಹಿಡಿದದ್ದು. ಹೊಸಬರು ಬಂದ ವಾರದಲ್ಲೇ ಅದೇ ಬಿಲ್ಲು ಹೊಸ ಅರ್ಜಿಯ ವೇಷ ಹಾಕಿಕೊಂಡು ಮೇಜಿಗೆ ಬರುತ್ತದೆ. ಚಾರ್ಜ್ ಲಿಸ್ಟಿಗೆ ಎರಡು ಪುಟ ಸೇರಿಸಿ: ಅರ್ಧಕ್ಕೆ ನಿಂತ ಕೆಲಸಗಳು, ಯಾಕೆ ನಿಂತವು. ಇಷ್ಟು ಸಾಕು. ಸದಸ್ಯರಿಗೂ ಇದು ಬೇಕು. 5 ವರ್ಷಕ್ಕೊಮ್ಮೆ ಮೀಸಲಾತಿ ತಿರುಗುತ್ತದೆ, ಅರ್ಧದಷ್ಟು ಸ್ಥಾನ ಮಹಿಳೆಯರಿಗೆ, ಮೊದಲ ಸಲ ಗೆದ್ದು ಬಂದವರೇ ಹೆಚ್ಚು. ಹಿಂದಿನ ಅವಧಿಯ ನಡಾವಳಿ ಪುಸ್ತಕವನ್ನು ಅವರ ಕೈಗೆ ಕೊಟ್ಟು ಓದಿ ಎಂದವರು ಎಷ್ಟು ಜನ?

ಈಗ ನಮ್ಮ ಜಿಲ್ಲೆಯ ದೊಡ್ಡ ಗುಟ್ಟಿಗೆ ಬರುತ್ತೇನೆ. ಬತ್ತಿದ ಬೋರ್‌ವೆಲ್.

ವರ್ಷವಿಡೀ ಹರಿಯುವ ನದಿ ಇಲ್ಲದ ಸೀಮೆ ನಮ್ಮದು. ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿ ವರ್ಷಗಳಿಂದ ನಮ್ಮ ತಾಲ್ಲೂಕುಗಳ ಹೆಸರಿದೆ. ಸಾವಿರ ಅಡಿ ದಾಟಿ ಕೊರೆಯುವುದು ಇಲ್ಲಿ ಸುದ್ದಿಯೇ ಅಲ್ಲ. ನೀರು ಬಿದ್ದರೆ ಕಾಯಿ ಒಡೆಯುತ್ತೇವೆ, ಸದಸ್ಯರು ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಪಂಪಿನ ಹೆಚ್‌ಪಿ ಎಷ್ಟು, ಎಷ್ಟು ಇಂಚು ನೀರು ಎಲ್ಲವೂ ದಾಖಲಾಗುತ್ತದೆ. ಬರೀ ಹುಡಿ ಬಂದರೆ? ಲಾರಿ ಹೊರಡುತ್ತದೆ, ಜನ ಮನೆಗೆ ಹೋಗುತ್ತಾರೆ, ಕಡತದಲ್ಲಿ ಇಷ್ಟು ಅಡಿ ಕೊರೆದದ್ದಕ್ಕೆ, ಇಷ್ಟು ಅಡಿ ಕೇಸಿಂಗ್ ಪೈಪಿಗೆ ಎಂದು ಒಂದು ಬಿಲ್ಲು ಉಳಿಯುತ್ತದೆ. ಎಷ್ಟನೇ ಅಡಿಗೆ ಗಟ್ಟಿ ಬಂಡೆ ಸಿಕ್ಕಿತು, ಎಲ್ಲಿ ಸ್ವಲ್ಪ ತೇವ ಕಂಡಿತ್ತು, ಯಾರು ಪಾಯಿಂಟ್ ನೋಡಿದ್ದರು, ಯಾವುದೂ ಇಲ್ಲ. ನಾಲ್ಕೈದು ವರ್ಷ ಕಳೆದು ಹೊಸ ಅಧ್ಯಕ್ಷರು, ಹೊಸ ಪಿಡಿಒ, ಹೊಸ ಬೇಸಿಗೆ. ಅದೇ ಗುಂಡುತೋಪಿನ ಆ ಮಗ್ಗುಲಿಗೆ ಮತ್ತೆ ಲಾರಿ ಬಂದು ನಿಲ್ಲುತ್ತದೆ. ಟೀ ಅಂಗಡಿಯಲ್ಲಿ ಕೂತ ಅಜ್ಜ ‘ಅಲ್ಲಿ ಮುಂಚೆನೇ ಹೊಡೆದು ನೋಡಿದ್ರಪ್ಪ, ಧೂಳು ಬಂತು’ ಎನ್ನುತ್ತಾನೆ. ಅಜ್ಜನಿಗೆ ಗೊತ್ತು, ಪಂಚಾಯಿತಿಗೆ ಗೊತ್ತಿಲ್ಲ. ಲಕ್ಷಗಟ್ಟಲೆ ದುಡ್ಡು ಕೊಟ್ಟು ಪಡೆದ ಮಾಹಿತಿ ಅದು. ‘ಇಲ್ಲಿ ನೀರಿಲ್ಲ’ ಎನ್ನುವುದೂ ಮಾಹಿತಿಯೇ, ನಮ್ಮ ಸೀಮೆಯಲ್ಲಂತೂ ‘ಇಲ್ಲಿ ನೀರಿದೆ’ ಎನ್ನುವುದಕ್ಕಿಂತ ಹೆಚ್ಚು ವರ್ಷ ಬಾಳಿಕೆ ಬರುವ ಮಾಹಿತಿ.

ಇದು ನನ್ನ ಹೊಸ ಆಲೋಚನೆ ಏನಲ್ಲ. ಮುಚ್ಚದ ಕೊಳವೆಬಾವಿಗಳಿಗೆ ಮಕ್ಕಳು ಬಿದ್ದು ಸಾಯುತ್ತಿದ್ದಾಗ 2010ರಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಹೊರಡಿಸಿತು. ಎಷ್ಟು ಕೊಳವೆಬಾವಿ ಬಳಕೆಯಲ್ಲಿವೆ, ಎಷ್ಟು ಕೈಬಿಟ್ಟವು ತೆರೆದೇ ಇವೆ, ಎಷ್ಟನ್ನು ಸರಿಯಾಗಿ ಮುಚ್ಚಲಾಗಿದೆ ಎಂಬ ಲೆಕ್ಕವನ್ನು ಗ್ರಾಮವಾರು ಜಿಲ್ಲಾ ಮಟ್ಟದಲ್ಲಿ ಇಡಬೇಕು ಎಂದು ಅದರಲ್ಲಿದೆ. ಮಕ್ಕಳ ಜೀವಕ್ಕಾಗಿ ಹೇಗೂ ಇಡಬೇಕಾದ ಪಟ್ಟಿ. ಅದೇ ಪುಟದಲ್ಲಿ ಸರ್ವೆ ನಂಬರು, ಕೊರೆದ ತಿಂಗಳು, ಆಳ, ಬಂಡೆ ಸಿಕ್ಕ ಅಡಿ, ನೀರು ಸಿಕ್ಕ ಅಡಿ, ಬತ್ತಿದ ವರ್ಷ ಎಂದು ಕೆಲವು ಕಾಲಂ ಎಳೆದರೆ ಮುಂದಿನ ಬೇಸಿಗೆಯಲ್ಲಿ ಭೂವಿಜ್ಞಾನಿ ಬಂದಾಗ ಅವರ ಕೈಗೆ ಕೊಡಲು ಒಂದು ವಹಿ ಇರುತ್ತದೆ. ಹಳೆಯ ಬಿಲ್ಲುಗಳಿಂದ ಅರ್ಧ ತುಂಬಬಹುದು, ಉಳಿದರ್ಧ ಆ ಟೀ ಅಂಗಡಿಯಲ್ಲಿದೆ. ಕೋಲಾರ ಜಿಲ್ಲೆಯಲ್ಲಿ 156 ಗ್ರಾಮ ಪಂಚಾಯಿತಿಗಳಿವೆ. ಅಷ್ಟೂ ವಹಿಗಳು ಒಂದು ಕಡೆ ಸೇರಿದರೆ ಎಂಥ ನಕ್ಷೆ ಆಗುತ್ತದೆ, ಯೋಚಿಸಿ. ಪಂಚಾಯಿತಿ ಗಡಿಗೆ ಬಂಡೆ ನಿಲ್ಲುವುದಿಲ್ಲವಲ್ಲ.

‘ಮಾಹಿತಿ ಕೊಡುವುದರಲ್ಲೇ ನಮ್ಮ ದಿನ ಕಳೆಯುತ್ತದೆ, ಇನ್ನೂ ಯಾವ ಮಾಹಿತಿ ಸಾರ್’ ಎಂದು ಹಿಂದಿನ ಸಾಲಿನಿಂದ ಯಾರೋ ಗೊಣಗಿದರು. ಸರಿಯಾಗೇ ಗೊಣಗಿದ್ದಾರೆ. ಪಂಚತಂತ್ರ, ಇ-ಸ್ವತ್ತು, ಇ-ಗ್ರಾಮ್ ಸ್ವರಾಜ್, ಗಾಂಧಿ ಸಾಕ್ಷಿ ಕಾಯಕ, ನರೇಗಾ, ಹೀಗೆ ಸರ್ಕಾರದ ತಂತ್ರಾಂಶ ಒಂದೊಂದಕ್ಕೂ ಒಂದೊಂದು ಪಾಸ್‌ವರ್ಡ್. ಎಲ್ಲದಕ್ಕೂ ನೀವೇ ತುಂಬುತ್ತೀರಿ. ತುಂಬಿದ್ದೆಲ್ಲ ಮೇಲಕ್ಕೆ ಹೋಗುತ್ತದೆ. ಹಾಲಿನ ಡೇರಿಗೆ ಹಾಲು ಹಾಕಿದವರಿಗೆ ಅಲ್ಲೇ ಒಂದು ಚೀಟಿ ಸಿಗುತ್ತದೆ: ಇಷ್ಟು ಲೀಟರ್, ಫ್ಯಾಟ್ ಇಷ್ಟು, ಹಣ ಇಷ್ಟು. ಮರುದಿನ ಫ್ಯಾಟ್ ಕಡಿಮೆ ಬಂದರೆ ಮೇವು ಬದಲಿಸಬೇಕೆಂದು ಅವರಿಗೆ ಗೊತ್ತಾಗುತ್ತದೆ. ಪಂಚಾಯಿತಿ ಹಾಕಿದ ಮಾಹಿತಿಗೆ ಆ ಚೀಟಿ ಸಿಗುವುದಿಲ್ಲ. ಬರುವುದು ಇನ್ನೊಂದು ನಮೂನೆ, ‘ಇಂದೇ ಸಂಜೆ 5ರೊಳಗೆ’ ಎಂಬ ಒಕ್ಕಣೆಯ ಜೊತೆ.

ಚೀಟಿ ಮೇಲಿನಿಂದ ಬರಲಿ ಎಂದು ಕಾಯುವುದು ಬೇಡ. ನೀವೇ ತುಂಬಿದ್ದನ್ನು ವರ್ಷಕ್ಕೊಮ್ಮೆ ನೀವೇ ಅಕ್ಕಪಕ್ಕ ಇಟ್ಟು ನೋಡಿ. ತೆರಿಗೆ ಬೇಡಿಕೆ ವಹಿಯಲ್ಲಿ ಊರಿನ ಮನೆಗಳು ಎಷ್ಟು, ನಲ್ಲಿ ಸಂಪರ್ಕ ಎಷ್ಟು ಮನೆಗೆ? ನಲ್ಲಿ ಹೆಚ್ಚಿದ್ದು ಮನೆ ಕಡಿಮೆ ಇದ್ದರೆ ತೆರಿಗೆ ಪಟ್ಟಿಗೆ ಬಾರದ ಮನೆಗಳಿವೆ ಎಂದರ್ಥ. ಬಿಲ್ ಕಲೆಕ್ಟರಿಗೆ ಅವು ಯಾವುವೆಂದು ಬಹುಶಃ ಗೊತ್ತಿರುತ್ತದೆ, ಅದು ಬೇರೆ ಮಾತು. ಪಂಚಾಯಿತಿಯ ಲೆಕ್ಕಪತ್ರವನ್ನು ಜನರ ಮುಂದೆ ತಪಾಸಣೆ ಮಾಡುವ ಜಮಾಬಂದಿಗೆ ಮುಂಚೆ ಈ ಕೆಲಸ ಮಾಡಿಕೊಂಡರೆ ಜಮಾಬಂದಿಯಲ್ಲಿ ಬೆವರುವುದು ತಪ್ಪುತ್ತದೆ.

ವಾಟ್ಸ್‌ಆ್ಯಪ್ ಬಗ್ಗೆ ಎರಡು ಮಾತು. ಆದೇಶ, ಸುತ್ತೋಲೆ, ಫೋಟೊ, ಶುಭೋದಯ, ನಿಧನ ವಾರ್ತೆ ಎಲ್ಲವೂ ಒಂದೇ ಗುಂಪಿನಲ್ಲಿ ಬರುತ್ತದೆ. ವರ್ಗವಾದ ದಿನ ಗುಂಪಿನಿಂದ ತೆಗೆಯುತ್ತಾರೆ, ಫೋನು ಕೆಟ್ಟ ದಿನ ಎಲ್ಲವೂ ಹೋಗುತ್ತದೆ. ಬಂದ ಸುತ್ತೋಲೆಯನ್ನು ಆವಕ ವಹಿಗೆ ಹತ್ತಿಸಿ, ಆಫೀಸಿನ ಕಂಪ್ಯೂಟರಿನಲ್ಲಿ ವಿಷಯವಾರು ಫೋಲ್ಡರಿಗೆ ಹಾಕಿಟ್ಟರೆ ಮುಗಿಯಿತು. ಇದಕ್ಕೆ ತರಬೇತಿ ಬೇಕಿಲ್ಲ.

ಇನ್ನು ಜನರಿಗೆ ಏನು ತಲುಪುತ್ತಿದೆ? ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ನಮ್ಮ ಹೆಣ್ಣುಮಕ್ಕಳಿಗೇ ಕಿಟ್ ಕೊಟ್ಟು ಪರೀಕ್ಷೆ ಮಾಡುವುದನ್ನು ಕಲಿಸಿದ್ದಾರೆ. ಫಲಿತಾಂಶ ಪೋರ್ಟಲಿಗೆ ಹೋಗುತ್ತದೆ. ಆ ಬೋರಿನ ನೀರು ಕುಡಿಯುವ ಬೀದಿಗೆ ಬರುವುದಿಲ್ಲ. ಟ್ಯಾಂಕಿನ ಕಂಬದ ಮೇಲೆ ಯೋಜನೆಯ ಹೆಸರು, ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು ಬರೆಸಲು ಬಣ್ಣ ಇರುತ್ತದಲ್ಲ, ಅದರಲ್ಲೇ ಪರೀಕ್ಷೆಯ ತಿಂಗಳು ಮತ್ತು ಫ್ಲೋರೈಡಿನ ಅಂಕಿ ಬರೆಯಬಹುದು. ಅಂತರ್ಜಲ ಉಳಿಸಲು ಕೇಂದ್ರ ತಂದ ಅಟಲ್ ಭೂಜಲ ಯೋಜನೆ ನಮ್ಮ ಜಿಲ್ಲೆಗೂ ಬಂದಿತ್ತು. ಅದರಲ್ಲಿ ಹಣ ಬಿಡುಗಡೆಗೆ ಇಟ್ಟ ಷರತ್ತುಗಳಲ್ಲಿ ಒಂದು, ಅಂತರ್ಜಲದ ಮಾಹಿತಿಯನ್ನು ಜನರ ಮುಂದೆ ಇಡುವುದು. ಷರತ್ತು ಹಾಕಿದಾಗ ನಮ್ಮಿಂದ ಆಗುತ್ತದೆ ಎಂದಾಯಿತು.

ಹೇಳದೆ ಉಳಿಸಿದ ಜಾಗಕ್ಕೆ ವದಂತಿ ಬಂದು ಕೂರುತ್ತದೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ಕೆಲವೇ ವಾರಗಳಲ್ಲಿ ನೊರೆ ಕಾಣಿಸಿತು, ವಿಷಯ ಹೈಕೋರ್ಟಿಗೆ ಹೋಯಿತು. ಆ ನೀರು ಒಳ್ಳೆಯದೋ ಕೆಟ್ಟದ್ದೋ ಎಂಬ ವಾದಕ್ಕೆ ನಾನು ಇವತ್ತು ಇಳಿಯುವುದಿಲ್ಲ. ಕೆರೆಯಂಚಿನ ಪಂಚಾಯಿತಿಗೆ ಜನ ಬಂದು ‘ಈ ನೀರಿನಲ್ಲಿ ಏನಿದೆ’ ಎಂದು ಕೇಳಿದರೆ, ಅಂಕಿ ಇರುವ ಒಂದು ಹಾಳೆ ಅಲ್ಲಿ ಸಿಗಬೇಕು. ದನ ನೀರು ಕುಡಿಯುವುದು ಆ ಕೆರೆಯಲ್ಲಿ, ಹಾಳೆ ಇರುವುದು ಬೆಂಗಳೂರಿನಲ್ಲಿ ಎಂದಾಗಬಾರದು.

ಮಾಹಿತಿ ಹಕ್ಕು ಅರ್ಜಿ ಎಂದರೆ ನಮ್ಮಲ್ಲಿ ಹಲವರಿಗೆ ಮೈ ಉರಿಯುತ್ತದೆ. ದುರುಪಯೋಗ ಮಾಡುವವರೂ ಇದ್ದಾರೆ, ಇಲ್ಲ ಎನ್ನುವುದಿಲ್ಲ. ಆದರೆ 2005ರ ಆ ಕಾಯ್ದೆಯ 4ನೇ ಪ್ರಕರಣ ಓದಿ. ಅರ್ಜಿ ಬರುವ ಮೊದಲೇ 17 ಬಗೆಯ ಮಾಹಿತಿಯನ್ನು ನಾವಾಗಿಯೇ ಪ್ರಕಟಿಸಬೇಕು ಎನ್ನುತ್ತದೆ. ರಾಜ್ಯದ ‘ಮಾಹಿತಿ ಕಣಜ’ ಜಾಲತಾಣ ಇರುವುದೂ ಇದಕ್ಕಾಗಿ. ಅದರ ಜೊತೆಗೆ ಒಂದು ಕೆಲಸ ಮಾಡಿ: ಹಿಂದೆ ಬಂದ ಅರ್ಜಿಗಳನ್ನೆಲ್ಲ ಒಟ್ಟು ಹಾಕಿ ಯಾವ ಪ್ರಶ್ನೆ ಮತ್ತೆ ಮತ್ತೆ ಬಂದಿದೆ ನೋಡಿ. ಬೀದಿದೀಪದ ಖರ್ಚೋ, ಮನೆ ಮಂಜೂರಾತಿ ಪಟ್ಟಿಯೋ, 15ನೇ ಹಣಕಾಸು ಆಯೋಗದ ಅನುದಾನವೋ. ಅದನ್ನು ನೋಟಿಸ್ ಬೋರ್ಡಿಗೆ, ಪಂಚಾಯಿತಿ ಗ್ರಂಥಾಲಯವಾದ ಅರಿವು ಕೇಂದ್ರದ ಮೇಜಿಗೆ ಹಾಕಿಬಿಡಿ. 30 ದಿನದ ಗಡುವು, ಜೆರಾಕ್ಸ್, ತಾಲ್ಲೂಕು ಪಂಚಾಯಿತಿಯ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಮುಂದೆ ಮೇಲ್ಮನವಿ ಎಲ್ಲ ತನ್ನಷ್ಟಕ್ಕೆ ತಗ್ಗುತ್ತದೆ.

ಗ್ರಾಮಸಭೆಯ ಬಗ್ಗೆ ಒಂದು ವಿಷಯ ಬಿಟ್ಟರೆ ತಪ್ಪಾದೀತು. ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಎಷ್ಟೋ ಊರುಗಳಲ್ಲಿ ಜನ ಮಾತಾಡುವುದು ತೆಲುಗಿನಲ್ಲಿ, ಆಚೆ ಬಾಗೇಪಲ್ಲಿಯಲ್ಲೂ ಹಾಗೆಯೇ. ನಡಾವಳಿ ಬರೆಯುವುದು ಕನ್ನಡದಲ್ಲಿ, ಅದೂ ಆಫೀಸು ಕನ್ನಡದಲ್ಲಿ. ಒಬ್ಬ ಹೆಂಗಸು ಎದ್ದು ನಿಂತು ತಮ್ಮ ಬೀದಿಯ ಚರಂಡಿ ಯಾವ ಮನೆಯ ಹತ್ತಿರ ಕಟ್ಟಿಕೊಳ್ಳುತ್ತದೆ, ಮಳೆಯಲ್ಲಿ ಯಾರ ಬಚ್ಚಲಿಗೆ ನುಗ್ಗುತ್ತದೆ ಎಂದು ಐದು ನಿಮಿಷ ಬಿಡಿಸಿ ಹೇಳಿದರೆ, ಪುಸ್ತಕದಲ್ಲಿ ‘ಚರಂಡಿ ದುರಸ್ತಿ ಬಗ್ಗೆ ಚರ್ಚಿಸಲಾಯಿತು’ ಎಂದು ಬೀಳುತ್ತದೆ. ಆಕೆ ಹೇಳಿದ್ದರಲ್ಲೇ ಅಂದಾಜು ಪಟ್ಟಿಗೆ ಬೇಕಾದ್ದೆಲ್ಲ ಇತ್ತು. ಮುಂದಿನ ವರ್ಷ ಅವರು ಬರುವುದಿಲ್ಲ. ಕೋರಂ ಇಲ್ಲ ಎಂದು ನಾವು ಕೊರಗುತ್ತೇವೆ.

ಪ್ರಶ್ನೆಗಳ ಹೊತ್ತಿನಲ್ಲಿ ಸದಸ್ಯರೊಬ್ಬರು ಕೇಳಿದರು: ‘ಪಕ್ಕದ ಪಂಚಾಯಿತಿಯವರು ಒಳ್ಳೆ ಕೆಲಸ ಮಾಡಿದ್ರೂ ನಮಗೆ ಗೊತ್ತಾಗೋದು ಪೇಪರ್‌ನಲ್ಲಿ. ಅದಕ್ಕೇನು ಮಾಡೋದು?’ ತಾಲ್ಲೂಕು ಮಟ್ಟದ ಸಭೆಗಳಲ್ಲಿ ಪ್ರಗತಿಯ ಅಂಕಿ ಓದುತ್ತಾರೆ, ಹಿಂದೆ ಬಿದ್ದವರನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಅಲ್ಲಿ ಯಾರೂ ತಮ್ಮ ಸೋಲನ್ನು ಬಾಯಿ ಬಿಡುವುದಿಲ್ಲ. ಮೇಲಧಿಕಾರಿಗಳಿಲ್ಲದೆ ನಾಲ್ಕೈದು ಪಂಚಾಯಿತಿಗಳ ಪಿಡಿಒ, ಅಧ್ಯಕ್ಷರು, ವಾಟರ್‌ಮ್ಯಾನ್‌ಗಳು ಒಂದು ಊರಿನಲ್ಲಿ ಸೇರಿ, ಆ ಊರಿನ ಕೆಲಸವನ್ನು ನಡೆದು ನೋಡಬೇಕು. ಕಸ ವಿಂಗಡಣೆಯ ಘಟಕ ಯಾಕೆ ಬೀಗ ಹಾಕಿಕೊಂಡಿದೆ ಎಂಬುದನ್ನು ಅಲ್ಲಿ ನಿಂತಾಗ ಹೇಳುತ್ತಾರೆ, ವರದಿಯಲ್ಲಿ ಹೇಳುವುದಿಲ್ಲ. ವಾಟರ್‌ಮ್ಯಾನ್‌ಗಳನ್ನು ಬಿಟ್ಟು ಹೋಗಬೇಡಿ.

ಇನ್ನೊಂದು ಪ್ರಶ್ನೆ ಕೇಳಿದವರು ಒಬ್ಬ ಪಿಡಿಒ ಮೇಡಂ. ‘ಎಲ್ಲ ಗೋಡೆಗೆ ಹಾಕಿ ಅಂತೀರಿ. ಫಲಾನುಭವಿಗಳ ಪಟ್ಟಿ ಹಾಕಿದ್ರೆ ಜನ ಫೋಟೊ ತೆಗೆದು ಗ್ರೂಪಿಗೆ ಬಿಡ್ತಾರೆ. ಆಮೇಲೆ ಓಟಿಪಿ ಕೇಳಿ ಫೋನ್ ಬರುತ್ತೆ ಅಂತ ಅಜ್ಜಿಯರು ನಮ್ಮ ಹತ್ರ ಅಳ್ತಾರೆ.’ ನಿಜ, ಈ ಅಪಾಯ ನನ್ನ ಮಾತಿನಲ್ಲಿ ಬಂದಿರಲಿಲ್ಲ, ಅವರು ಎತ್ತಿದ್ದು ಒಳ್ಳೆಯದಾಯಿತು. ತಂತ್ರಾಂಶದಿಂದ ಇಳಿಸಿಕೊಂಡ ಪಟ್ಟಿಯನ್ನು ಹಾಗೇ ಪ್ರಿಂಟ್ ತೆಗೆದು ಅಂಟಿಸುವುದರಿಂದ ಆಗುವ ಎಡವಟ್ಟು ಇದು. ಮೊದಲು ಕಾಲಂಗಳನ್ನು ಅಳಿಸಿ. ಹೆಸರು, ಊರು, ಯಾವ ಯೋಜನೆ, ಎಷ್ಟು ಮೊತ್ತ, ಯಾವ ಹಂತ, ಇಷ್ಟಿದ್ದರೆ ಜನ ಪ್ರಶ್ನೆ ಕೇಳಬಹುದು. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮೊಬೈಲ್ ನಂಬರು, ಕಾಯಿಲೆಯ ವಿವರ ಯಾವ ಕಾರಣಕ್ಕೂ ಬೇಡ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾಯ್ದೆಯೂ ಬಂದಿದೆ. ಈಗಾಗಲೇ ಅಂಟಿಸಿರುವ ಹಳೆಯ ಪಟ್ಟಿಗಳಿದ್ದರೆ ನಾಳೆ ಆಫೀಸಿಗೆ ಹೋದ ತಕ್ಷಣ ಕಿತ್ತು, ಆ ಕಾಲಂಗಳಿಲ್ಲದ ಪಟ್ಟಿಯನ್ನು ಅದೇ ಜಾಗದಲ್ಲಿ ಹಾಕಿಸಿ. ಜಾಗ ಖಾಲಿ ಬಿಡಬೇಡಿ, ಪಟ್ಟಿಯನ್ನೇ ಮುಚ್ಚಿಟ್ಟರು ಎಂದು ಸಂಜೆಯೊಳಗೆ ಅರ್ಜಿ ಬರುತ್ತದೆ.